ಎರಡು ಬೆರಳು ಬಟ್ಟೆ

ಪ್ರತಿ ಭಾನುವಾರ ಬೆಳಗ್ಗೆ ಫೋನು ನನ್ನ ಅಳತೆ ತೆಗೆಯುತ್ತದೆ:
ಹೋದ ವಾರ, ದಿನಕ್ಕೆ ಆರು ಗಂಟೆ ನಲವತ್ತು ನಿಮಿಷ.
ಎದೆ, ಸೊಂಟ, ತೋಳು ಅದಕ್ಕೆ ಬೇಡ,
ಕಣ್ಣಿನ ಉದ್ದ ಸಾಕು.

ಇಪ್ಪತ್ತೆರಡು ವರ್ಷದಿಂದ ಸೂರ್ ಪೇಟೆಯ ಈ ಗಲ್ಲಿಯಲ್ಲಿ
ಕೊರಳಿಗೆ ಟೇಪು ಹಾಕಿಕೊಂಡು ನಿಂತವನು ನಾನು.
ಯಾರ ಎಡಭುಜ ಅರ್ಧ ಇಂಚು ಇಳಿದಿದೆ,
ಯಾರ ಹೊಟ್ಟೆ ರಂಜಾನಿನಲ್ಲಿ ಕರಗಿ ಈದಿಗೆ ಮರಳುತ್ತದೆ,
ಬಾಗಿಲಲ್ಲಿ ನೋಡಿದ ಕೂಡಲೆ ಹೇಳುತ್ತೇನೆ.
ನನ್ನ ಅಳತೆ ಮಾತ್ರ ತಪ್ಪು ಎನ್ನಿಸಿತು.
ಕತ್ತರಿ ಹಿಡಿದ ಶಫೀಕುಲ್ ತಲೆಯೆತ್ತದೆ ಅಂದ:
‘ಮಾಸ್ಟರ್, ಪಾಯಿಖಾನೆಯಲ್ಲಿ ಕೂತದ್ದೂ ಲೆಕ್ಕಕ್ಕೆ ಬಂದಿರುತ್ತದೆ.’

ಸೂಜಿಗೆ ತಮಾಷೆ ಗೊತ್ತಿಲ್ಲ.
ಜುಲೈ ಮಧ್ಯಾಹ್ನ, ಶಟರು ಅರ್ಧ ಇಳಿದಿತ್ತು,
ಎಸಿ ಕೆಮ್ಮುತ್ತಿತ್ತು.
ಯಾವ ದೇಶದವನೋ ಒಬ್ಬ ಕೆಸರು ಮೆತ್ತಿದ ಲಾರಿಗೆ
ನೊರೆ ಹಚ್ಚಿ ಹಚ್ಚಿ ತೊಳೆಯುತ್ತಿದ್ದ.
ನನಗೂ ಆ ಲಾರಿಗೂ ಏನು ನೆಂಟಸ್ತಿಕೆ!
ಆಮೇಲೆ ಒಬ್ಬಳು ಈರುಳ್ಳಿ ಹೆಚ್ಚಿದಳು, ಒಬ್ಬ ಜಾರಿ ಬಿದ್ದ,
ಒಂದು ಬೆಕ್ಕು ಪಿಯಾನೊ ಮೇಲೆ ನಡೆಯಿತು,
ಅಷ್ಟರಲ್ಲಿ ಸೂಜಿ ಉಗುರ ಪಕ್ಕ ಇಳಿದು
ನೂಲಿನ ಸಮೇತ ಆಚೆ ಬಂದಿತ್ತು.
ಬಿಳಿ ದಿಶ್ದಾಶಾ. ಉಳಿದದ್ದು ಹೇಳಬೇಕಿಲ್ಲ.

ಮತ್ತೆ ಹೊಲಿದುಕೊಟ್ಟದ್ದರಲ್ಲೂ ಕೊರಳ ಗೊಂಡೆ ಓರೆ.
ಮುದುಕ ಖಲ್ಫಾನ್ ಅದನ್ನು ಎರಡು ಬೆರಳಲ್ಲಿ ಹಿಡಿದು
‘ನಿನ್ನ ಕಣ್ಣು ಎಲ್ಲಿ ಹೋಗಿತ್ತು?’ ಎಂದ.
ಅವನ ಇನ್ನೊಂದು ಕೈಯ ಫೋನಿನಲ್ಲಿ
ಅಳಿಯ ಜೋರಾಗಿ ಮೇಕೆಯ ರೇಟು ಹೇಳುತ್ತಿದ್ದ.

ಅವತ್ತೇ ಫೋನನ್ನು ಗುಂಡಿ ತುಂಬುವ ಹಾಲುಪುಡಿ ಡಬ್ಬಕ್ಕೆ ಹಾಕಿದೆ,
ನಾಲ್ಕರಿಂದ ಏಳು, ಮುಚ್ಚಳ ಬಿಗಿದು.
ಮೊದಲ ದಿನ ಖಾಲಿ ಜೇಬು ತೊಡೆಯ ಮೇಲೆ ಗುಂಯ್ ಎಂದಿತು.
ಎರಡನೆಯ ದಿನವೂ.
ಮೂರನೆಯ ದಿನ ಡಬ್ಬವೇ ಗುಂಯ್ ಎಂದಿತು,
ಒಳಗೆ ಸಾವಿರ ಗುಂಡಿ ಕುಣಿದವು.
ನಾನು ಕಲ್ಲಾಗಿ ಕಾಜಾ ಹೊಲಿದೆ. ಹೆಮ್ಮೆಯೇ ಆಯಿತು.

ಏಳಕ್ಕೆ ತೆಗೆದರೆ ಜಲಜಳ ಹನ್ನೊಂದು ಕರೆ.
ಶಿರೂರಿನ ಮನೆಬಾಗಿಲಲ್ಲಿ ಗ್ಯಾಸಿನವನು,
ಅವನಿಗೆ ಬೇಕಾದ ನಾಲ್ಕು ಅಂಕಿ ನನ್ನ ಫೋನಿನಲ್ಲಿ,
ನನ್ನ ಫೋನು ಗುಂಡಿಗಳ ನಡುವೆ.
ಸಿಲಿಂಡರು ಹೊತ್ತು ಅವನು ವಾಪಸು ಹೋದ.
‘ನಿಮ್ಮ ವ್ರತಕ್ಕೆ ನಮಗೆ ಉಪವಾಸವಾ?’ ಎಂದಳು.
ಆ ರಾತ್ರಿ ಅಲ್ಲಿ ಅವಲಕ್ಕಿ.

ಅಪ್ಪಯ್ಯ ಕಲಿಸಿದ ಮೊದಲ ಪಾಠ ಮರೆತಿದ್ದೆ:
ಗೆರೆಗೆ ಸರಿಯಾಗಿ ಕತ್ತರಿಸಬೇಡ, ಮಾರಾಯ,
ಒಳಗೆ ಎರಡು ಬೆರಳು ಬಟ್ಟೆ ಬಿಡು.
ಮೈ ಹಿಗ್ಗುತ್ತದೆ, ಬಟ್ಟೆ ಕುಗ್ಗುತ್ತದೆ,
ಬಿಚ್ಚಿ ಹೊಲಿಯಲು ಏನಾದರೂ ಉಳಿದಿರಲಿ.

ಈಗ ಸಂಜೆ ಫೋನು ಡಬ್ಬದ ಒಳಗಲ್ಲ,
ನೂಲುಂಡೆಗೆ ಒರಗಿ ನಿಂತಿರುತ್ತದೆ.
ಅಲ್ಲಿ ಗಡಿಯಾರ ಒಂದೂವರೆ ಗಂಟೆ ಮುಂದೆ,
ಜಲಜಾ ಕಾಯಿ ತುರಿಯುತ್ತಾಳೆ,
ಮಗಳು ಸೌಪರ್ಣಿಕಾ ಹದಿನೇಳರ ಮಗ್ಗಿಯಲ್ಲಿ
ಏಳಕ್ಕೆ ಬಂದು ಎಡವುತ್ತಾಳೆ.
ಯಾರೂ ಯಾರನ್ನೂ ನೋಡುವುದಿಲ್ಲ.
ಪರದೆಯಲ್ಲಿ ಹೆಚ್ಚಾಗಿ ಅಡುಗೆಮನೆಯ ಸೂರು,
ಒಮ್ಮೊಮ್ಮೆ ಹಾದುಹೋಗುವ ಮೊಣಕೈ.
ನನ್ನ ಮೆಷಿನ್ನು ಅವರಿಗೆ ಕೇಳುತ್ತದೆ, ಅವರ ಕುಕ್ಕರು ನನಗೆ.
ಮೂರನೆಯ ಸೀಟಿಗೆ ‘ಆರಿಸು’ ಎನ್ನುವವನು ನಾನು,
ನೂರ ಹತ್ತೊಂಬತ್ತು ಎನ್ನುವವನು ಶಫೀಕುಲ್.

ಈ ಭಾನುವಾರದ ಅಳತೆ: ಏಳು ಗಂಟೆ ಐದು ನಿಮಿಷ.
ಹೆಚ್ಚಾಗಿದೆ, ಎಚ್ಚರ, ಎಂದು ಕೆಂಪು ಗೆರೆ ಎಳೆದಿದೆ.
ಪಾಪ, ಅದಕ್ಕೆ ಟೇಪು ಹಿಡಿಯಲು ಬರುವುದಿಲ್ಲ.

ಹಾಗೆಂದು ಪೂರ್ತಿ ಸಾಚಾ ಅಲ್ಲ ನಾನು.
ಶುಕ್ರವಾರ, ಅಂಗಡಿ ರಜೆ, ಚಾಪೆಯ ಮೇಲೆ ಬಿದ್ದುಕೊಂಡು
ಒಂದು ಲಾರಿ ನೋಡುತ್ತೇನೆ.
ಒಂದೇ.
ಕೆಲವು ಸಲ ಎರಡು.